ಸಿಗಡಿ ಸಿಪ್ಪೆ ನೂರರುವತ್ತು ವರ್ಷ ಕಾದದ್ದೇಕೆ?

ಸಿಗಡಿ ಬಿಡಿಸುವುದನ್ನು ನೀವು ನೋಡಿದ್ದೀರಾ? ತಲೆ ಮುರಿದು, ಸಿಪ್ಪೆ ಎಳೆದು, ಬೆನ್ನಿನ ಕಪ್ಪು ನಾಳ ತೆಗೆದರೆ ಉಳಿಯುವ ಮಾಂಸ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ. ಮಿಕ್ಕಿದ್ದು ಕಸ. ಮನೆಯಲ್ಲಾದರೆ ಅದು ತೆಂಗಿನ ಬುಡಕ್ಕೆ ಹೋದೀತು. ದಿನವೂ ಟನ್ನುಗಟ್ಟಲೆ ಸಿಗಡಿ ಬಿಡಿಸುವ ಶೆಡ್ಡುಗಳಲ್ಲಿ (ಅಲ್ಲಿ ದುಡಿಯುವವರು ಬಹುಪಾಲು ಹೆಂಗಸರು) ಕೆಲವೇ ಗಂಟೆಗಳಲ್ಲಿ ರಾಶಿ ಕೊಳೆತು ನಾರತೊಡಗುತ್ತದೆ. ಆ ರಾಶಿಯ ಒಣತೂಕದಲ್ಲಿ ಸುಮಾರು ಐದನೇ ಒಂದು ಭಾಗ ಕೈಟಿನ್ ಎಂಬ ನೈಸರ್ಗಿಕ ಪಾಲಿಮರ್.

ಕೈಟಿನ್ ಹೊಸ ಶೋಧವೇನಲ್ಲ. ರಸಾಯನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1811ರಲ್ಲಿ. ಆದರೆ ಅದು ಕಾರ್ಖಾನೆಯ ಸರಕಾದದ್ದು 1970ರ ದಶಕದಲ್ಲಿ. ಇಷ್ಟು ವಿಳಂಬಕ್ಕೆ ಕಾರಣವೇನು?

ಸ್ವಾರಸ್ಯವೆಂದರೆ, ಈ ಕತೆ ಕಡಲಿನಲ್ಲಿ ಆರಂಭವಾಗುವುದೇ ಇಲ್ಲ. ಫ್ರಾನ್ಸಿನ ನಾನ್ಸಿ ಪಟ್ಟಣದ ಸಸ್ಯೋದ್ಯಾನದ ನಿರ್ದೇಶಕ ಆನ್ರಿ ಬ್ರಾಕೊನೊ ಅಣಬೆಗಳನ್ನು ದುರ್ಬಲ ಕ್ಷಾರದಲ್ಲಿ ಸಂಸ್ಕರಿಸಿದಾಗ ಕರಗದೆ ಉಳಿದ ಪದಾರ್ಥವೊಂದು ದೊರೆಯಿತು. ಅದನ್ನು ಆತ 'ಫಂಜಿನ್' ಎಂದು ಕರೆದ. 1823ರಲ್ಲಿ ಆಂತ್ವಾನ್ ಒಡಿಯೆ ಅದೇ ಬಗೆಯ ಪದಾರ್ಥವನ್ನು ದುಂಬಿಯ ಗಟ್ಟಿ ರೆಕ್ಕೆಗಳಲ್ಲಿ ಕಂಡು, ಹೊದಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ಕೈಟಿನ್ ಎಂಬ ಹೆಸರನ್ನು ರೂಪಿಸಿದ. ಅಣಬೆ, ದುಂಬಿ, ಸಿಗಡಿ ಮೂರಕ್ಕೂ ಒಂದೇ ಕವಚದ್ರವ್ಯ! ನಿಮ್ಮ ವಿದ್ಯಾರ್ಥಿಗಳಿಗೆ ಸೆಲ್ಯುಲೋಸ್ ಗೊತ್ತಿದ್ದರೆ ಇದರ ರಚನೆ ಕಷ್ಟವಲ್ಲ. ಸೆಲ್ಯುಲೋಸಿನ ಪ್ರತಿ ಗ್ಲೂಕೋಸ್ ಘಟಕದ ಎರಡನೆಯ ಕಾರ್ಬನ್ನಿನಲ್ಲಿರುವ ಹೈಡ್ರಾಕ್ಸಿಲ್ ಗುಂಪಿನ ಬದಲು ನೈಟ್ರೊಜನ್ ಇರುವ ಅಸಿಟಮೈಡ್ ಗುಂಪನ್ನು ಇಟ್ಟರೆ ಅದೇ ಕೈಟಿನ್.

ಆದರೆ ಕೈಟಿನ್ ಹಟಮಾರಿ. ನೀರಿನಲ್ಲಾಗಲಿ ಸಾಮಾನ್ಯ ದ್ರಾವಕಗಳಲ್ಲಾಗಲಿ ಕರಗದು. ಕರಗದ್ದನ್ನು ಎಳೆಯಾಗಿ, ಹಾಳೆಯಾಗಿ ಮಾಡುವುದು ಹೇಗೆ? ದಾರಿ ತೋರಿದವನು ಶಾರ್ಲ್ ರೂಜೆ. 1859ರಲ್ಲಿ ಆತ ಕೈಟಿನ್ನನ್ನು ಗಾಢ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸಿದ. ಹಾಗೆ ಬಂದದ್ದು ದುರ್ಬಲ ಆಮ್ಲದಲ್ಲಿ ಕರಗಿತು. ಕ್ಷಾರವು ಅಸಿಟೈಲ್ ಗುಂಪುಗಳನ್ನು ಕಿತ್ತು ಅಮೈನೊ ಗುಂಪುಗಳನ್ನು ಉಳಿಸಿತ್ತು. 1894ರಲ್ಲಿ ಫೆಲಿಕ್ಸ್ ಹೊಪ್ಪೆ-ಸೈಲರ್ ಏಡಿ, ಚೇಳು, ಜೇಡಗಳ ಕವಚದಿಂದ ಇದನ್ನೇ ತಯಾರಿಸಿ ಕೈಟೊಸಾನ್ ಎಂದು ಹೆಸರಿಸಿದ.

1936ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಜಾರ್ಜ್ ರಿಗ್ಬಿಗೆ ಕೈಟೊಸಾನ್ ತಯಾರಿಕೆಗೂ ಅದರಿಂದ ಹಾಳೆ, ಎಳೆ ತೆಗೆಯುವುದಕ್ಕೂ ಪೇಟೆಂಟ್ ದೊರೆತಿತ್ತು. ಅದೇ ಕಂಪನಿಯ ಪ್ರಯೋಗಾಲಯದಲ್ಲಿ 1935ರಲ್ಲಿ ನೈಲಾನ್ ಹುಟ್ಟಿತು! ಅಗ್ಗವಾದ, ಎಂದೂ ಒಂದೇ ಗುಣಮಟ್ಟದ ಕೃತಕ ಎಳೆಯ ಮುಂದೆ, ಋತುವಿಗೊಂದು ಬಗೆಯಾಗುವ ಏಡಿ ಚಿಪ್ಪು ನಿಲ್ಲಲಿಲ್ಲ.

ಹಾಗಾದರೆ ಮುಂದೆ ಬದಲಾದದ್ದು ಯಾವುದು? ರಸಾಯನ ವಿಜ್ಞಾನವಲ್ಲ, ಕಸದ ರಾಶಿ ಎಂದು ನನಗನ್ನಿಸುತ್ತದೆ. ಶೈತ್ಯೀಕರಣ ಬಂದ ಮೇಲೆ ಮನೆಮನೆಯಲ್ಲಿ ಹಂಚಿಹೋಗುತ್ತಿದ್ದ ಸಿಪ್ಪೆ ಕಾರ್ಖಾನೆಯ ಅಂಗಳದಲ್ಲೇ ಗುಡ್ಡೆಯಾಯಿತು. 1972ರಲ್ಲಿ ಅಮೆರಿಕ ಜಲಮಾಲಿನ್ಯ ಕಾನೂನನ್ನು ಬಿಗಿಗೊಳಿಸಿದಾಗ ಅದನ್ನು ನೀರಿಗೆ ಸುರಿಯುವುದು ಕಷ್ಟವಾಯಿತು. ಜಪಾನಿನಲ್ಲಿ 1971ರಲ್ಲೇ ವಾಣಿಜ್ಯ ತಯಾರಿಕೆ ಶುರುವಾಗಿತ್ತು. 1977ರಲ್ಲಿ ಬಾಸ್ಟನ್‌ನಲ್ಲಿ ಕೈಟಿನ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಕೈಟೊಸಾನ್‌ನ ಬೆಲೆ ಇರುವುದು ಆ ಅಮೈನೊ ಗುಂಪುಗಳಲ್ಲಿ. ಆಮ್ಲೀಯ ದ್ರಾವಣದಲ್ಲಿ ಅವು ಧನ ವಿದ್ಯುದಾವೇಶ ಪಡೆಯುತ್ತವೆ. ಕೆಂಪು ರಕ್ತಕಣಗಳ ಹೊರಮೈಯದು ಋಣ ಆವೇಶ. ಎರಡೂ ಸೆಳೆದುಕೊಂಡು ಗಾಯದ ಬಾಯಿ ಮುಚ್ಚುತ್ತವೆ. ಇಂಥ ಪಟ್ಟಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಅದು ಯುದ್ಧಭೂಮಿಯಲ್ಲಿ ಬಳಕೆಗೆ ಬಂತು. ಕೊಳಕು ನೀರಿನ ಋಣಾವೇಶದ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುವುದೂ ಇದೇ ಗುಣದಿಂದ.

ನಮ್ಮ ದೇಶದಿಂದ ಶೈತ್ಯೀಕರಿಸಿದ ಸಿಗಡಿಯ ರಫ್ತು ಕೊಚ್ಚಿಯಿಂದ 1953ರಲ್ಲಿ ಆರಂಭವಾಯಿತು. ಅದರ ಬೆನ್ನಿಗೇ ಸಿಪ್ಪೆಯ ಸಮಸ್ಯೆಯೂ ಬಂತು. 1957ರಲ್ಲಿ ಸ್ಥಾಪನೆಯಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಪ್ಪೆಯಿಂದ ಕೈಟಿನ್, ಕೈಟೊಸಾನ್ ತಯಾರಿಸುವ ವಿಧಾನವನ್ನು ರೂಪಿಸಿತು.

ವಿಧಾನದ ಮೊದಲ ಹೆಜ್ಜೆಯನ್ನು ತರಗತಿಯಲ್ಲೇ ತೋರಿಸಬಹುದು. ತೊಳೆದ ಏಡಿ ಚಿಪ್ಪಿನ ತುಂಡನ್ನು ವಿನಿಗರ್‌ನಲ್ಲಿ ಎರಡು ದಿನ ಇಡಿ. ಗುಳ್ಳೆಗಳು ಏಳುತ್ತವೆ, ಗಟ್ಟಿ ಚಿಪ್ಪು ಮೆತ್ತಗೆ ಬಾಗುವಂತಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹೋಗಿ ಕೈಟಿನ್ ಮತ್ತು ಪ್ರೋಟೀನ್ ಉಳಿದಿವೆ. ಕಾರ್ಖಾನೆಯಲ್ಲಿ ಈ ಕೆಲಸಕ್ಕೆ ಹೈಡ್ರೊಕ್ಲೋರಿಕ್ ಆಮ್ಲ, ಪ್ರೋಟೀನ್ ತೆಗೆಯಲು ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್, ಕೊನೆಗೆ ಅಸಿಟೈಲ್ ಕೀಳಲು ಶೇಕಡ 40-50ರಷ್ಟು ಗಾಢವಾದ ಬಿಸಿ ಕ್ಷಾರ ಬೇಕು. ಪ್ರತಿ ಹಂತದಲ್ಲೂ ನೀರು ಸುರಿದು ತೊಳೆಯಬೇಕು. ಆ ನೀರನ್ನು ಸಂಸ್ಕರಿಸದೆ ಬಿಟ್ಟರೆ ಒಂದು ಕಸವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು. ಜಾಹೀರಾತುಗಳು ಈ ವಿಷಯವನ್ನು ಹೇಳುವುದಿಲ್ಲ.

ಇಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಕೆಲಸವನ್ನು ನೆನೆಯಬೇಕು. ಅಲ್ಲಿನ ಸಂಶೋಧಕರು ಸಿಗಡಿ ತ್ಯಾಜ್ಯವನ್ನು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಗಳಿಂದ ಹುದುಗಿಸಿ ನೋಡಿದರು. ಹಾಲು ಹೆಪ್ಪುಗಟ್ಟುವ ಹಾದಿಯೇ ಇದು. ಹುಟ್ಟಿದ ಆಮ್ಲ ಸುಣ್ಣದ ಅಂಶವನ್ನು ಕರಗಿಸುತ್ತದೆ, ಕಿಣ್ವಗಳು ಪ್ರೋಟೀನನ್ನು ಒಡೆಯುತ್ತವೆ, ಆ ಪ್ರೋಟೀನೂ ವ್ಯರ್ಥವಾಗದೆ ಪಶು ಆಹಾರಕ್ಕೆ ಒದಗಬಲ್ಲದು. ಹೀಗೆ ಮೊದಲೆರಡು ಹಂತಗಳ ರಾಸಾಯನಿಕಗಳು ಬಹಳಷ್ಟು ಉಳಿಯುತ್ತವೆ. ಮೂರನೆಯ ಹಂತಕ್ಕೂ ಕೈಟಿನ್ ಡಿಅಸಿಟೈಲೇಸ್ ಎಂಬ ಕಿಣ್ವ ಇದೆ. ಆದರೆ ಹರಳುರೂಪದ ಗಟ್ಟಿ ಕೈಟಿನ್ನಿನ ಮೇಲೆ ಅದರ ಕೆಲಸ ತೀರ ನಿಧಾನ. ಹಾಗಾಗಿ ಕಾರ್ಖಾನೆಗಳು ಇಂದಿಗೂ ನೆಚ್ಚಿರುವುದು ರೂಜೆ 1859ರಲ್ಲಿ ಕುದಿಸಿದಂಥ ಗಾಢ ಕ್ಷಾರವನ್ನೇ.