ರೇಡಿಯೋ ಸಾಕಿದ ಭಾವಗೀತೆ

ಮೇಗರವಳ್ಳಿಯ ಕಡೆಯ ಅನೇಕ ಮನೆಗಳಿಗೆ ಕವಿತೆ ಪುಸ್ತಕಕ್ಕಿಂತ ಮೊದಲು ರೇಡಿಯೋದಲ್ಲಿ ಬಂದಿತೆಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1952ರಲ್ಲಿ ಕೇಂದ್ರ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿರಿಸಿದಾಗ, ಆ ತೆರವಿನಲ್ಲಿ ಬೆಳೆದದ್ದು ಸುಗಮ ಸಂಗೀತ. 1957ರಲ್ಲಿ ವಿವಿಧ ಭಾರತಿಯೊಡನೆ ಚಿತ್ರಗೀತೆ ಮರಳಿದರೂ ಭಾವಗೀತೆಯ ವೇಳೆ ಉಳಿಯಿತು. 1965ರಲ್ಲಿ ಭದ್ರಾವತಿ ಕೇಂದ್ರ ಆರಂಭವಾಗಿ, ಕುವೆಂಪು, ಬೇಂದ್ರೆಯವರ ಕವಿತೆಗಳು ಅಡಿಕೆ ಸುಲಿಯುವವರ ಕಿವಿಗೂ ತಲುಪಿದವು. ಹೊಸನಗರ ತಾಲ್ಲೂಕಿನ ನಗರದವರಾದ ಶಿವಮೊಗ್ಗ ಸುಬ್ಬಣ್ಣನವರೂ ಆಕಾಶವಾಣಿಯ ಗಾಯಕರೇ.

1978ರ ‘ನಿತ್ಯೋತ್ಸವ’ದೊಡನೆ ಭಾವಗೀತೆ ಕ್ಯಾಸೆಟ್ಟಿಗೂ ಬಂದಿತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ಆರಂಭವಾದ ಮೇಲೆ, ಜಾಹೀರಾತು ತರುವ ಚಿತ್ರಗೀತೆಯೇ ರೇಡಿಯೋ ಎನಿಸಿತು. ಭಾವಗೀತೆ ಅಳಿದಿಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಹುಡುಕುವವನಿಗೆ ಕವಿಯ ಹೆಸರು ಮೊದಲೇ ತಿಳಿದಿರಬೇಕು. ಹೆಸರೇ ಕೇಳದವನ ಮನೆಗೂ ಕವಿತೆಯನ್ನು ಕರೆತರುತ್ತಿದ್ದುದು ರೇಡಿಯೋ. ನಾವು ಕಳೆದುಕೊಳ್ಳುತ್ತಿರುವುದು ಆ ಬಾಗಿಲನ್ನು.