ಮಸೆಯುವ ಹೊಣೆ: ಸ್ವಯಂಕ್ಷೌರದ ಇತಿಹಾಸದಲ್ಲಿ ಸಾಣೆಕಲ್ಲು ಮತ್ತು ತೊಗಲಿನ ಪಟ್ಟಿ

ಪ್ಯಾರಿಸ್ಸಿನಲ್ಲಿ ಕತ್ತಿ, ಚೂರಿ, ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಝಾಂ-ಝಾಕ್ ಪೆರ್ರೆ 1769ರಲ್ಲಿ 'ಪೊಗೊನೊತೊಮಿ' ಎಂಬ ಪುಸ್ತಕವನ್ನು ಪ್ರಕಟಿಸಿದ. ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವುದನ್ನು ಕಲಿಸುವ ಪುಸ್ತಕ ಅದು. ಸುರಕ್ಷಾ ರೇಜರಿನ ಚರಿತ್ರೆ ಬರೆದವರು ಈ ಪೆರ್ರೆಯನ್ನು ಒಂದೇ ಕಾರಣಕ್ಕೆ ನೆನೆಯುತ್ತಾರೆ: ಚರ್ಮ ಆಳವಾಗಿ ಕುಯ್ಯದಂತೆ ಅಲಗಿಗೆ ಮರದ ಕಾಪು ತೊಡಿಸಿದ ಮೊದಲಿಗರಲ್ಲಿ ಅವನೂ ಒಬ್ಬ. ಆದರೆ ಪುಸ್ತಕದ ಉದ್ದನೆಯ ಶೀರ್ಷಿಕೆಯನ್ನು ಪೂರ್ತಿಯಾಗಿ ಓದಿದರೆ ಲೇಖಕನ ಗಮನ ಎಲ್ಲಿತ್ತೆಂಬುದು ಬೇರೆಯೇ ರೀತಿ ಕಾಣುತ್ತದೆ. ಉಪಕರಣಗಳನ್ನು ಮಸೆಯಲು ತಕ್ಕ ಕಲ್ಲುಗಳನ್ನು ಗುರುತಿಸುವ ಬಗೆ, ಕತ್ತಿ ತೀಡುವ ತೊಗಲನ್ನು ಸಿದ್ಧಪಡಿಸುವ ಬಗೆ ಎರಡೂ ಮುಖಪುಟದಲ್ಲಿಯೇ ನಮೂದಾಗಿವೆ. ಕೆನ್ನೆಯ ಮೇಲೆ ಕತ್ತಿ ಹೇಗೆ ಓಡಬೇಕು ಎಂಬುದಕ್ಕೂ ಕಲ್ಲಿನ ಮೇಲೆ ಅದು ಹೇಗೆ ಓಡಬೇಕು ಎಂಬುದಕ್ಕೂ ಪೆರ್ರೆ ಒಂದೇ ಪೀಠ ಕೊಟ್ಟಿದ್ದಾನೆ. ಈ ಲೇಖನದ ವಾದ ಹುಟ್ಟುವುದು ಇಲ್ಲಿಂದ. ಕ್ಷೌರದ ಕತ್ತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಉಕ್ಕಿನ ಚರಿತ್ರೆಯಾಗಿ, ಆಕಾರಗಳ ಚರಿತ್ರೆಯಾಗಿ ಬರೆಯಲಾಗಿದೆ. ನನ್ನ ದೃಷ್ಟಿಯಲ್ಲಿ ಅದನ್ನು ಮಸೆಯುವ ಹೊಣೆ ಯಾರ ಮೇಲಿತ್ತು ಎಂಬ ಪ್ರಶ್ನೆಯ ಸುತ್ತ ಬರೆಯಬೇಕು. ಉರಿಯಿಲ್ಲದ, ಗಾಯವಿಲ್ಲದ ಕ್ಷೌರವನ್ನು ನಿರ್ಧರಿಸಿದ್ದು ಆ ಹೊಣೆಯೇ. ಅದು ಕೈಯಿಂದ ಕೈಗೆ ದಾಟಿದಾಗಲೆಲ್ಲ ಈ ಉಪಕರಣದ ಚರಿತ್ರೆಯೂ ತಿರುವು ಪಡೆದಿದೆ.

ಆ ಹೊಣೆ ಎಷ್ಟು ಭಾರದ್ದು ಎಂದು ತಿಳಿಯಲು ಕತ್ತಿಯ ರಚನೆಯನ್ನೇ ನೋಡಬೇಕು. ಮಡಚುವ ಕ್ಷೌರದ ಕತ್ತಿಯ ಬೆನ್ನು ದಪ್ಪ, ಅಲಗು ತೆಳು. ಕಲ್ಲಿನ ಮೇಲೆ ಕತ್ತಿಯನ್ನು ಮಲಗಿಸಿದಾಗ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುತ್ತವೆ. ಬೆನ್ನಿನ ದಪ್ಪ ಅಲಗಿನ ಅಗಲದ ಸುಮಾರು ಕಾಲುಭಾಗವಿದ್ದರೆ ಅಂಚಿನ ಕೋನ 14–15 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿಯೇ ಕೂಡಿಬರುತ್ತದೆ. ಅಡುಗೆಮನೆಯ ಚಾಕು ಮಸೆಯುವವರು ಕೋನವನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇಲ್ಲಿ ಕೋನವನ್ನು ಕತ್ತಿ ಮಾಡಿದವನೇ ಬೆನ್ನಿನಲ್ಲಿ ಇಟ್ಟುಕೊಟ್ಟಿರುತ್ತಾನೆ. ಹಾಗಾದರೆ ಕೆಲಸ ಸುಲಭವಲ್ಲವೇ ಎಂದು ಕೇಳಬಹುದು. ಕಷ್ಟವಿರುವುದು ಒತ್ತಡದಲ್ಲಿ. ಅಂಚಿನ ಕಡೆಯ ತೆಳುಭಾಗ ಬೆರಳಿನ ಭಾರಕ್ಕೇ ಬಾಗುತ್ತದೆ. ಬಾಗಿದರೆ ಕಲ್ಲು ಅಂಚನ್ನು ಬಿಟ್ಟು ಅದರ ಹಿಂದಿನ ಲೋಹವನ್ನು ತಿನ್ನುತ್ತದೆ. ಕಲ್ಲೇ ಸಮತಟ್ಟಾಗಿಲ್ಲದಿದ್ದರೆ ಅಲಗಿನ ಒಂದು ತುದಿ ಹರಿತವಾಗಿ ಇನ್ನೊಂದು ಮೊಂಡಾಗಿಯೇ ಉಳಿಯುತ್ತದೆ. ಕಲ್ಲಿನ ಮೇಲೆ ಅಂಚು ಮುಂದಾಗಿ ಸಾಗಬೇಕು, ತೊಗಲಿನ ಮೇಲೆ ಬೆನ್ನು ಮುಂದಾಗಿ. ತಿರುಗಿಸುವಾಗ ಬೆನ್ನನ್ನು ಪಟ್ಟಿಯಿಂದ ಎತ್ತದೆ ಅದರ ಮೇಲೆಯೇ ಹೊರಳಿಸಬೇಕು. ಒಂದೇ ಸಲ ಮರೆತು ಅಂಚು ಮುಂದಾಗಿ ತೊಗಲಿಗೆ ಒತ್ತಿದರೆ ಪಟ್ಟಿಯೂ ಕೆಟ್ಟಿತು, ಗಂಟೆಗಟ್ಟಲೆ ಮಸೆದ ಅಂಚೂ ಹೋಯಿತು. ಬಾಯಲ್ಲಿ ಹೇಳಲು ನಾಲ್ಕು ಮಾತು ಸಾಕು, ಕೈಗೆ ಹತ್ತಲು ತಿಂಗಳುಗಳು ಬೇಕು. ಕಸುಬಿನಲ್ಲಿ ಹುಟ್ಟಿ ಬೆಳೆದ ಕ್ಷೌರಿಕನ ಹಡಪದಲ್ಲಿ ಕತ್ತಿಯ ಪಕ್ಕದಲ್ಲೇ ಕಲ್ಲು ಇರುತ್ತಿದ್ದುದು, ಆ ವಿದ್ಯೆ ತಂದೆಯ ಕೈ ನೋಡಿ ಮಗನಿಗೆ ಬರುತ್ತಿದ್ದುದು ಈ ಕಾರಣಕ್ಕೆ.

ಕ್ಷೌರಕ್ಕೆಂದೇ ಬೇರೆ ಕಲ್ಲು ಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಮಸೆಗಲ್ಲುಗಳನ್ನು ಎಣ್ಣೆ ಬೇಡುವವು, ನೀರು ಬೇಡುವವು ಎಂದು ವಿಂಗಡಿಸಿ, ಕ್ಷೌರದಂಗಡಿಗಳಲ್ಲಿ ಉಗುಳು ಹಚ್ಚಿ ಬಳಸುವ ಕಲ್ಲುಗಳನ್ನು ಪ್ರತ್ಯೇಕವಾಗಿ ಹೆಸರಿಸುತ್ತಾನೆ. ಅವುಗಳಲ್ಲಿ ಶ್ರೇಷ್ಠವಾದವು ಸ್ಪೇನಿನಿಂದ ಬರುತ್ತಿದ್ದವಂತೆ. ನೊವಾಕ್ಯುಲೈಟ್ ಎಂಬ ನುಣುಪು ಶಿಲೆಯ ಹೆಸರಿನಲ್ಲಿ ಕ್ಷೌರದ ಕತ್ತಿಗಿರುವ ಲ್ಯಾಟಿನ್ ಪದವೇ ಅಡಗಿದೆ. ಕಲ್ಲಿಗೆ ಅದು ಹರಿತಗೊಳಿಸುವ ಉಪಕರಣದ ಹೆಸರೇ ಅಂಟಿತೆಂದರೆ ಇವೆರಡರ ಸಂಬಂಧ ಎಷ್ಟು ಬಿಗಿಯಾಗಿತ್ತೆಂದು ಊಹಿಸಬಹುದು. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸಾಲಿನ ವೀಲ್ಸಾಮ್ ಸುತ್ತಮುತ್ತ ತೆಳುವಾದ ಪದರಗಳಲ್ಲಿ ಸಿಗುವ ಹಳದಿ ಕೋಟಿಕ್ಯೂಲ್ ಕಲ್ಲಿನೊಳಗೆ ಸ್ಪೆಸಾರ್ಟೀನ್ ಎಂಬ ಗಾರ್ನೆಟ್ಟಿನ ಸೂಕ್ಷ್ಮ ಹರಳುಗಳಿವೆ. ಲೋಹವನ್ನು ತಿನ್ನುವುದು ಈ ಹರಳುಗಳೇ. ಅವು ಹೆಚ್ಚುಕಡಿಮೆ ದುಂಡಾಗಿರುವುದರಿಂದ ಬೀಳುವ ಗೀರು ಆಳಕ್ಕಿಳಿಯುವುದಿಲ್ಲ. ಪದರ ತೆಳುವಾಗಿದ್ದು ಸುಲಭವಾಗಿ ಒಡೆಯುವುದರಿಂದ ಅದಕ್ಕೆ ಸ್ಲೇಟಿನ ಹಾಸನ್ನು ಅಂಟಿಸಿ ಮಾರುತ್ತಿದ್ದರು. ಜರ್ಮನಿಯ ಥುರಿಂಜಿಯದಲ್ಲಿ, ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಿನಲ್ಲಿ, ಜಪಾನಿನ ಕ್ಯೋಟೊ ಬಳಿಯ ಬೆಟ್ಟಗಳಲ್ಲಿ ಇಂಥವೇ ನುಣುಪು ಕಲ್ಲುಗಳಿಗೆ ಹೆಸರಿತ್ತು. ಹೀಗೆ ಮಸೆದ ಅಂಚು ಹೇಗಿರುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಕಂಡು 1665ರ 'ಮೈಕ್ರೊಗ್ರಾಫಿಯಾ' ಗ್ರಂಥದಲ್ಲಿ ಬರೆದವನು ರಾಬರ್ಟ್ ಹುಕ್. ಸೂಜಿಮೊನೆಯ ನಂತರ ಅವನು ಕೈಗೆತ್ತಿಕೊಂಡ ಎರಡನೆಯ ವಸ್ತುವೇ ಕ್ಷೌರದ ಕತ್ತಿಯ ಅಂಚು. ಬರಿಗಣ್ಣಿಗೆ ಗೆರೆಯಂತಿದ್ದ ಅಂಚಿಗೆ ಅಗಲವೂ ಒರಟುತನವೂ ಇದ್ದವು. ಚಕ್ರದಲ್ಲಿ ಅರೆದ ಭಾಗವಂತೂ ಉತ್ತ ಹೊಲದ ಸಾಲುಗಳಂತೆ ಕಂಡಿತು. ಹುಕ್ ನೋಡಿದ್ದನ್ನು ಉಕ್ಕಿನ ಚಿತ್ರ ಎನ್ನುವುದಕ್ಕಿಂತ ಮಸೆತದ ದಾಖಲೆ ಎನ್ನುವುದೇ ಸರಿ. ಅಲ್ಲಿರುವ ಒಂದೊಂದು ಗೀರೂ ಒಂದೊಂದು ಕಲ್ಲಿನ, ಒಂದೊಂದು ಕೈಯ ಗುರುತು.

ನನ್ನ ವಾದಕ್ಕೆ ಬರಬಹುದಾದ ಅತಿ ಬಲವಾದ ಆಕ್ಷೇಪ ಉಕ್ಕಿನ ಕಡೆಯಿಂದಲೇ ಬರುತ್ತದೆ. ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡಿನ ಬಳಿ ಉಕ್ಕನ್ನು ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ರೂಢಿಗೆ ತಂದ. ಒಳಗೆ ಕಿಟ್ಟದ ಎಳೆಗಳಿಲ್ಲದ, ಉದ್ದಕ್ಕೂ ಒಂದೇ ಹದದ ಉಕ್ಕು ಸಿಕ್ಕಿತು. ಮುಖಕ್ಷೌರದ ಚರಿತ್ರೆಯನ್ನು ವಿಸ್ತಾರವಾಗಿ ಬರೆದ ಬ್ರಿಟಿಷ್ ಇತಿಹಾಸಕಾರ ಅಲನ್ ವಿದಿ ಹದಿನೆಂಟನೆಯ ಶತಮಾನದ ಗಂಡಸರು ತಾವೇ ಕ್ಷೌರ ಮಾಡಿಕೊಳ್ಳತೊಡಗಿದ್ದಕ್ಕೂ ಈ ಎರಕದ ಉಕ್ಕಿಗೂ ನಂಟಿದೆ ಎನ್ನುತ್ತಾರೆ. ಆ ನಂಟನ್ನು ಅಲ್ಲಗಳೆಯಲು ನನ್ನಲ್ಲಿ ಕಾರಣವಿಲ್ಲ. ಕೆಟ್ಟ ಉಕ್ಕಿಗೆ ಎಂಥ ಕಲ್ಲೂ ಬಾಳುವ ಅಂಚು ಕೊಡಲಾರದು. ಆದರೆ ಒಳ್ಳೆಯ ಉಕ್ಕು ಮಸೆಯುವ ಹೊಣೆಯನ್ನು ಕಡಿಮೆ ಮಾಡಿತೇ? ಆ ಉಕ್ಕು ಎಷ್ಟು ಗಡಸಾಗಿತ್ತೆಂದರೆ ಶೆಫೀಲ್ಡಿನ ಕುಶಲಕರ್ಮಿಗಳು ಮೊದಮೊದಲು ಅದನ್ನು ಮುಟ್ಟಲಿಲ್ಲ, ಹಂಟ್ಸ್‌ಮನ್ ಅದನ್ನು ಫ್ರಾನ್ಸಿಗೆ ಕಳುಹಿಸಬೇಕಾಯಿತು ಎಂಬುದು ಪ್ರಸಿದ್ಧ. ಗಡಸು ಲೋಹ ಅಂಚನ್ನು ಹೆಚ್ಚು ಕಾಲ ಹಿಡಿಯುತ್ತದೆ, ಒಮ್ಮೆ ಮೊಂಡಾದರೆ ಹರಿತಗೊಳ್ಳಲು ಅಷ್ಟೇ ಹಟ ಹಿಡಿಯುತ್ತದೆ. ಈ ಜಾಡಿನಲ್ಲಿ ಕನ್ನಡ ನಾಡಿಗೂ ಒಂದು ಎಳೆ ಸೇರುತ್ತದೆ. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಹಂಟ್ಸ್‌ಮನ್ನನಿಗಿಂತ ಶತಮಾನಗಳ ಹಿಂದೆಯೇ ಇತ್ತು. ಕನ್ನಡ, ತೆಲುಗುಗಳ 'ಉಕ್ಕು' ಎಂಬ ಮಾತೇ ಇಂಗ್ಲಿಷರ ಬರವಣಿಗೆಯಲ್ಲಿ 'ವೂಟ್ಸ್' ಆಯಿತೆಂಬ ವಿವರಣೆ ವ್ಯಾಪಕವಾಗಿ ಒಪ್ಪಿತವಾಗಿದೆ. ಮುಂಬಯಿಯಿಂದ ವೈದ್ಯ ಹೆಲೆನಸ್ ಸ್ಕಾಟ್ ಕಳುಹಿಸಿದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಆ ಪರೀಕ್ಷೆಗಳಿಗೆ ನೆರವಾದ ಉಪಕರಣಕಾರ ಜೇಮ್ಸ್ ಸ್ಟೋಡಾರ್ಟ್, ತನ್ನ ಅಂಗಡಿಯ ಪ್ರಚಾರಪತ್ರದಲ್ಲಿ ಭಾರತದ ಈ ಉಕ್ಕನ್ನು ಯುರೋಪಿನ ಉತ್ತಮ ಉಕ್ಕಿಗಿಂತ ಮೇಲೆಂದು ಸಾರಿದ. ಅದರ ಗುಟ್ಟು ಹುಡುಕುತ್ತ ಸ್ಟೋಡಾರ್ಟ್ ಮತ್ತು ಮೈಕೆಲ್ ಫ್ಯಾರಡೆ 1820 ಮತ್ತು 1822ರಲ್ಲಿ ಮಿಶ್ರ ಉಕ್ಕುಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು. 500 ಪಾಲಿಗೆ ಒಂದು ಪಾಲು ಬೆಳ್ಳಿ ಬೆರೆಸಿದ ಉಕ್ಕು ಅವರ ಪ್ರಯೋಗಗಳಲ್ಲಿ ಒಂದು. ತಾನು ಮಾಡಿದ ಉಕ್ಕಿನ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಟ್ಟ. ಅಂದಿನ ಅತ್ಯುತ್ತಮ ರಸಾಯನಶಾಸ್ತ್ರಜ್ಞನ ಕೈಯಿಂದ ಬಂದ ಆ ಕತ್ತಿಗೂ ಮರುದಿನ ಬೆಳಿಗ್ಗೆ ತೊಗಲು ಬೇಕೇ ಬೇಕಿತ್ತು.

ಹೊಣೆ ಮನೆಗೆ ದಾಟಿತೆಂಬುದಕ್ಕೆ ಒಳ್ಳೆಯ ಸಾಕ್ಷ್ಯ ಮಾರುಕಟ್ಟೆಯಲ್ಲಿದೆ. 1790ರ ದಶಕದ ಲಂಡನ್ನಿನಲ್ಲಿ ಜಾರ್ಜ್ ಪ್ಯಾಕ್‌ವುಡ್ ಎಂಬ ವ್ಯಾಪಾರಿ ಕತ್ತಿ ತೀಡುವ ಪಟ್ಟಿ ಮತ್ತು ಅದಕ್ಕೆ ಹಚ್ಚುವ ಲೇಪವನ್ನು ಮಾರಲು ಪತ್ರಿಕೆಗಳ ತುಂಬ ಪದ್ಯ, ಒಗಟು, ಸಂಭಾಷಣೆಗಳ ಜಾಹೀರಾತು ಹೊರಡಿಸಿದ, 1796ರಲ್ಲಿ ಅವನ್ನೆಲ್ಲ ಸೇರಿಸಿ ಪುಸ್ತಕವನ್ನೂ ಮಾಡಿದ. ಮುಂದಿನ ತಲೆಮಾರಿನಲ್ಲಿ ಜಾನ್ ಜೋಸೆಫ್ ಮೆಕಿ 'ಮ್ಯಾಜಿಕ್' ಪಟ್ಟಿಯನ್ನು ಮಾರಿ ಸಿರಿವಂತನಾಗಿ, ಆ ಹಣದಲ್ಲಿ ಎಸೆಕ್ಸಿನ ಟಿಪ್‌ಟ್ರೀಯಲ್ಲಿ ಹೆಸರುವಾಸಿಯಾದ ಮಾದರಿ ಜಮೀನು ಕಟ್ಟಿದ. ಈ ಬೇಡಿಕೆಯನ್ನು ಜಾಹೀರಾತೇ ಹುಟ್ಟಿಸಿತು, ಇದರಿಂದ ನಿಜವಾದ ಅಗತ್ಯವೇನೂ ಸಾಬೀತಾಗದು ಎಂದು ವಾದಿಸಬಹುದು. ಜಾಹೀರಾತಿನ ಇತಿಹಾಸ ಬರೆಯುವವರಿಗೆ ಪ್ಯಾಕ್‌ವುಡ್ ಪ್ರಿಯನಾಗಿರುವುದೂ ಈ ಕೋನದಿಂದಲೇ. ಆದರೆ ಮೆಕಿಯ ವ್ಯಾಪಾರ ಕುಸಿದದ್ದು ಯಾವಾಗ ಎಂದು ನೋಡಿ. ಕ್ರಿಮಿಯ ಯುದ್ಧದ ನಂತರ ಗಡ್ಡ ಬಿಡುವುದು ಶೋಕಿಯಾದಾಗ ಅವನ ಪಟ್ಟಿಯ ಮಾರಾಟ ಬಿದ್ದುಹೋಯಿತು. ಗಡ್ಡ ಬೋಳಿಸುವುದರ ಜೊತೆಗೇ ಏರಿ ಅದರ ಜೊತೆಗೇ ಇಳಿದ ಸರಕನ್ನು ಬರೀ ಮಾತಿನ ಮೋಡಿ ಎನ್ನಲಾಗದು. ವಾರದ ದಿನಕ್ಕೊಂದರಂತೆ ಏಳು ಕತ್ತಿಗಳ ಪೆಟ್ಟಿಗೆಗಳು ಉಳ್ಳವರ ಮನೆ ಸೇರಿದ್ದೂ ಇದೇ ಅಗತ್ಯದಿಂದ. ಏಳು ಅಲಗುಗಳಿದ್ದರೆ ಮಸೆಯುವ ದಿನ ಏಳುಪಟ್ಟು ದೂರ ಹೋಗುತ್ತದೆ. ಹಣ ಕೊಟ್ಟು ಕೊಂಡದ್ದು ಆ ದೂರವನ್ನು.

ಪ್ರಯೋಗಾಲಯದ ಕಡೆಯಿಂದ ಇನ್ನೊಂದು ಸಂದೇಹ ಬಂದಿದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್‌ಹೋವನ್ ಈ ಶತಮಾನದ ಆರಂಭದಲ್ಲಿ ಹರಿತಗೊಳಿಸುವಿಕೆಯ ಹಂತಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಏನೂ ಹಚ್ಚದ ತೊಗಲಿನಿಂದ ಅಂಚಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ಕ್ರೋಮಿಯಂ ಆಕ್ಸೈಡ್ ಹಚ್ಚಿದ ತೊಗಲು ಮಾತ್ರ ಸ್ಪಷ್ಟ ಬದಲಾವಣೆ ತಂದಿತು. ಹಾಗಾದರೆ ಶತಮಾನಗಳ ಕಾಲ ಗಂಡಸರು ದಿನಬೆಳಗಾದರೆ ಮಾಡುತ್ತಿದ್ದುದು ವ್ಯರ್ಥ ವಿಧಿಯೇ? ನಾನು ಹಾಗೆ ಓದುವುದಿಲ್ಲ. ಪ್ಯಾಕ್‌ವುಡ್ ಪಟ್ಟಿಯ ಜೊತೆ ಲೇಪವನ್ನೂ ಮಾರುತ್ತಿದ್ದ, ಪೆರ್ರೆ ತೊಗಲನ್ನು ಸಿದ್ಧಪಡಿಸುವ ಬಗೆ ಹೇಳುತ್ತಾನೆ. ಅಂದರೆ ಅಂದಿನವರ ತೊಗಲು ಬಹುಮಟ್ಟಿಗೆ ಬರೀ ತೊಗಲಾಗಿರಲಿಲ್ಲ. ಮೇಲಾಗಿ, ಆಗತಾನೇ ಮಸೆದ ಅಂಚಿಗೂ ನಿನ್ನೆ ಗಡ್ಡ ತೆಗೆದು ದಣಿದ ಅಂಚಿಗೂ ವ್ಯತ್ಯಾಸವಿದೆ. ಕೂದಲಿಗಿಂತ ಸುಮಾರು 50 ಪಟ್ಟು ಗಡಸಾದ ಉಕ್ಕು ಕೂದಲಿನಿಂದ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಅಂಚು ಸಮನಾಗಿ ಸವೆಯುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಲೋಹದ ಒಳರಚನೆ ಒಂದೇ ಸಮವಾಗಿಲ್ಲದ ಕಡೆ ಕೂದಲು ಓರೆಯಾಗಿ ಬಾಗಿ ಒತ್ತಿದಾಗ ಒಂದೇ ಎಳೆ ಸಾಕು. ಅವರು ಪರೀಕ್ಷಿಸಿದ್ದು ಬಿಸಾಡುವ ಬ್ಲೇಡುಗಳನ್ನು, ಹಾಗಾಗಿ ಮಡಚುವ ಕತ್ತಿಗೆ ಅದನ್ನು ಹಾಗೆಹಾಗೆಯೇ ಅನ್ವಯಿಸಲಾಗದು. ಆದರೂ ಹಾನಿ ನಡೆಯುವುದು ಕಣ್ಣಿಗೆ ಕಾಣದ ಅಳತೆಯಲ್ಲಿ, ಒಂದೊಂದು ಕ್ಷೌರದಲ್ಲೂ ನಡೆಯುತ್ತದೆ ಎಂಬುದು ಖಚಿತವಾಯಿತು. ಲೇಪ ಹಚ್ಚಿದ ತೊಗಲಿಗೆ ದಿನವೂ ಕೆಲಸವಿತ್ತು ಎಂಬುದು ಇದರಿಂದ ಅರ್ಥವಾಗುತ್ತದೆ.

ಕಿಂಗ್ ಕ್ಯಾಂಪ್ ಜಿಲೆಟ್ಟನ ಕತೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕು. 1895ರ ಒಂದು ಬೆಳಿಗ್ಗೆ ತನಗೆ ಬಿಸಾಡುವ ಬ್ಲೇಡಿನ ಯೋಚನೆ ಹೊಳೆದ ಬಗೆಯನ್ನು ಅವನೇ ಬರೆದಿದ್ದಾನೆ: ಕತ್ತಿ ತೊಗಲಿಗೆ ಬಗ್ಗದಷ್ಟು ಮೊಂಡಾಗಿತ್ತು, ಕ್ಷೌರಿಕನ ಬಳಿಗೋ ಸಾಣೆಯವನ ಬಳಿಗೋ ಒಯ್ಯದೆ ವಿಧಿಯಿರಲಿಲ್ಲ. ಆವರೆಗೆ ಬಂದಿದ್ದ ಸುರಕ್ಷಾ ರೇಜರುಗಳು, 1880ರ ಕ್ಯಾಂಫೆ ಸಹೋದರರದೂ ಸೇರಿ, ಗಾಯದ ಭಯವನ್ನು ನಿವಾರಿಸಿದ್ದವು. ಅವುಗಳ ದಪ್ಪ ಅಲಗನ್ನು ಮಾತ್ರ ಬಳಸುವವನೇ ತೀಡಬೇಕಿತ್ತು. ಪೆರ್ರೆಯ ಕಾಪು ಇದ್ದೂ 130 ವರ್ಷ ಮಡಚುವ ಕತ್ತಿಯೇ ಏಕೆ ಆಳಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ. ಕಾಪು ಚರ್ಮವನ್ನು ಕಾಯಿತು, ಅಂಚನ್ನು ಕಾಯುವ ಕೆಲಸ ಹಾಗೇ ಉಳಿಯಿತು. ಜಿಲೆಟ್ ಬಿಡಿಸಿದ್ದು ಈ ಎರಡನೆಯ ಗಂಟನ್ನು. ಅದೂ ಅವನೊಬ್ಬನಿಂದ ಆಗಲಿಲ್ಲ. ಹಾಳೆಯಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಗಡಸು ಮಾಡಿ ಮಸೆಯುವ ಯಂತ್ರಗಳನ್ನು ರೂಪಿಸಿದವನು ಎಂಜಿನಿಯರ್ ವಿಲಿಯಂ ನಿಕರ್ಸನ್. ನನ್ನ ಮಟ್ಟಿಗೆ ಈ ಕತೆಯ ನಿಜವಾದ ನಾಯಕ ಅವನೇ. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಹೋದ ರೇಜರುಗಳು ಸುಮಾರು 35 ಲಕ್ಷ. ತೀಡುವುದೂ ಬೇಡ, ಮಸೆಯುವುದೂ ಬೇಡ ಎಂಬುದೇ ಕಂಪನಿಯ ಘೋಷಣೆಯಾಗಿತ್ತು. ಹರಿತವನ್ನೋ ಅಂದವನ್ನೋ ಮುಂದಿಡುವ ಬದಲು ಬಿಡುಗಡೆಯನ್ನು ಮುಂದಿಟ್ಟರು, ಏಕೆಂದರೆ ಜನ ಬೇಸತ್ತಿದ್ದು ಯಾವುದರಿಂದ ಎಂದು ಅವರಿಗೆ ಗೊತ್ತಿತ್ತು. ಮಸೆತವೇನೂ ಇಲ್ಲವಾಗಲಿಲ್ಲ, ಕ್ಷೌರಿಕನ ಹಡಪದಿಂದ ಮನೆಯ ಗೋಡೆಯ ಮೊಳೆಗೆ ಬಂದಿದ್ದ ಅದು ಅಲ್ಲಿಂದ ಕಾರ್ಖಾನೆಯೊಳಗೆ ಹೋಯಿತು.

ಹಿತವಾದ ಕ್ಷೌರಕ್ಕೆ ಬಿಸಿನೀರು, ಸೋಪಿನ ನೊರೆ, ಕೈಯ ಓರೆ ಎಲ್ಲವೂ ಬೇಕಲ್ಲ, ಅಂಚನ್ನೇ ಏಕೆ ಕೇಂದ್ರದಲ್ಲಿಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನೀರಿನಲ್ಲಿ ನೆಂದ ಕೂದಲು ಮೆತ್ತಗಾಗುತ್ತದೆ, ಕತ್ತರಿಸಲು ಕಡಿಮೆ ಬಲ ಸಾಕಾಗುತ್ತದೆ. ಆದರೆ ನೀರು, ಸೋಪು, ಕೈಚಳಕ ಇವು ಹಳೆಯ ಕತ್ತಿಗೂ ಹೊಸ ಬ್ಲೇಡಿಗೂ ಸಮಾನವಾಗಿಯೇ ಬೇಕಿದ್ದವು. ಎರಡು ಕಾಲಗಳ ನಡುವೆ ಬದಲಾದದ್ದು ಮಸೆತ. ಇದಕ್ಕೆ ಕರ್ನಾಟಕದ ಯಾವುದೇ ಸಲೂನಿನಲ್ಲಿ ಕಾಣುವ ಕತ್ತಿಯೇ ಸಾಕ್ಷಿ. ಮಡಚುವ ಹಿಡಿಕೆ, ನೀಳ ಆಕಾರ, ಹಿಡಿಯುವ ಬೆರಳುಗಳ ವಿನ್ಯಾಸ ಎಲ್ಲ ಹಳೆಯವೇ. ಅದರ ತುದಿಗೆ ಸಿಕ್ಕಿಸುವುದು ಮಾತ್ರ ಕಾಗದದ ಪೊಟ್ಟಣ ಬಿಡಿಸಿ ಎರಡಾಗಿ ಮುರಿದ ಬ್ಲೇಡಿನ ಒಂದು ಹೋಳು. ಒಂದು ಗಿರಾಕಿಯ ಕ್ಷೌರ ಮುಗಿದ ಮೇಲೆ ಅದು ಡಬ್ಬಿಗೆ ಬೀಳುತ್ತದೆ. ಕನ್ನಡಿಯ ಮುಂದಿನ ಹಲಗೆಯ ಮೇಲೆ ಕತ್ತರಿ, ಬಾಚಣಿಗೆ, ಬ್ರಷ್ಷು, ಪಟಿಕ, ನೀರಿನ ಬಾಟಲಿ ಎಲ್ಲ ಇವೆ. ಸಾಣೆಕಲ್ಲು ಇರುತ್ತಿದ್ದ ಜಾಗದಲ್ಲಿ ಬ್ಲೇಡಿನ ಪ್ಯಾಕೆಟ್ಟು ಇದೆ.