ಏಜಾಕ್ಸ್, ಚೆನ್ನಯ ಮತ್ತು ಸಂಸ್ಕಾರದ ಪ್ರಶ್ನೆ

ಟ್ರಾಯ್ ಯುದ್ಧವೆಂದೊಡನೆ ಮರದ ಕುದುರೆ ನೆನಪಾಗುತ್ತದೆ. ಆದರೆ ಹೋಮರನ ‘ಇಲಿಯಡ್’ ಕಾವ್ಯವು ಕುದುರೆಯವರೆಗೆ ಸಾಗುವುದಿಲ್ಲ. ನಗರದ ಪತನವನ್ನೂ ಹಾಡುವುದಿಲ್ಲ. ಮುದಿ ಅರಸ ಪ್ರಿಯಾಮನು ಶತ್ರುವಿನ ಬಿಡಾರಕ್ಕೆ ಹೋಗಿ ಮಗನ ಶವವನ್ನು ಬೇಡಿ ತರುತ್ತಾನೆ. ಹೆಕ್ಟರನ ಅಂತ್ಯಕ್ರಿಯೆಯೊಂದಿಗೆ ಕಾವ್ಯ ಮುಗಿಯುತ್ತದೆ. ಸತ್ತವನ ದೇಹಕ್ಕೆ ಸಲ್ಲಬೇಕಾದದ್ದೇನು ಎಂಬ ಪ್ರಶ್ನೆ ಆ ಯುದ್ಧಕಥೆಗಳ ಒಡಲಲ್ಲೇ ಇದೆ.

ಏಜಾಕ್ಸನ ವಿಷಯದಲ್ಲಿ ಆ ಪ್ರಶ್ನೆ ಅತಿ ಕಠಿಣವಾಗುತ್ತದೆ. ಮಡಿದ ಅಕಿಲೀಸನ ಕವಚಾಯುಧಗಳು ಒಡಿಸ್ಯೂಸನ ಪಾಲಾದಾಗ ಏಜಾಕ್ಸ್ ಅವಮಾನದಿಂದ ಮತಿಗೆಟ್ಟು, ದನಕುರಿಗಳನ್ನೇ ಗ್ರೀಕ್ ನಾಯಕರೆಂದು ಬಗೆದು ಕಡಿದುಹಾಕಿದ. ಎಚ್ಚರಗೊಂಡ ಮೇಲೆ, ಹೆಕ್ಟರನು ಹಿಂದೆ ಉಡುಗೊರೆಯಾಗಿ ಕೊಟ್ಟಿದ್ದ ಖಡ್ಗದ ಮೇಲೆ ಬಿದ್ದು ಪ್ರಾಣ ಬಿಟ್ಟ. ಸಾಫೊಕ್ಲೀಸನ ನಾಟಕವು ನಾಯಕನ ಸಾವಿನ ಅನಂತರವೂ ಬಹಳ ಹೊತ್ತು ಮುಂದುವರಿಯುತ್ತದೆ. ಮೆನೆಲಾಸ್, ಅಗಮೆಮ್ನಾನ್ ಇಬ್ಬರೂ ಶವಸಂಸ್ಕಾರವನ್ನು ನಿಷೇಧಿಸುತ್ತಾರೆ. ಅದನ್ನು ಕೊಡಿಸುವವನು ಸತ್ತವನ ಕಡುವೈರಿಯಾದ ಒಡಿಸ್ಯೂಸನೇ. ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಮಹಾಭಾರತದ ಪಾತ್ರಗಳಿಗೆ ಹೊಂದಿಸಿ 1929ರಲ್ಲಿ ‘ಅಶ್ವತ್ಥಾಮನ್’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು.

ತುಳುನಾಡಿಗೆ ಇಂಥ ಸಾವು ಅಪರಿಚಿತವಲ್ಲ. ಪಾಡ್ದನದ ಪ್ರಕಾರ ಎಣ್ಮೂರಿನ ಕಾಳಗದಲ್ಲಿ ಕೋಟಿ ಬಿದ್ದಾಗ ತಮ್ಮ ಚೆನ್ನಯನು ಕಲ್ಲಿಗೆ ತಲೆ ಬಡಿದುಕೊಂಡು ಅಸುನೀಗುತ್ತಾನೆ. ಆ ಕಾರಣಕ್ಕಾಗಿ ಜನರು ಅವನನ್ನು ಹೊರಗಿಡಲಿಲ್ಲ. ಗರಡಿಗಳಲ್ಲಿ ಅಣ್ಣನ ಜೊತೆಯಲ್ಲೇ ಸ್ಥಾನವಿತ್ತರು. ನಮ್ಮ ಕಂಕನಾಡಿಯ ಗರಡಿಯೂ ಅವುಗಳಲ್ಲೊಂದು. ಸಲಾಮಿಸ್ ದ್ವೀಪದ ಜನರೂ ಏಜಾಕ್ಸನಿಗೆ ಉತ್ಸವ ನಡೆಸುತ್ತಿದ್ದರು. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರ ಮರಣಾನಂತರ, 1894ರಿಂದ, ಇಂಗ್ಲಿಷಿನಲ್ಲಿ ಪ್ರಕಟವಾದಾಗ ಅವುಗಳಿಗೆ ‘ತುಳುವರ ಪಿಶಾಚಾರಾಧನೆ’ ಎಂಬರ್ಥದ ಶೀರ್ಷಿಕೆಯಿತ್ತು. ಒಡಹುಟ್ಟಿದವನ ಶೋಕ ಆ ಶೀರ್ಷಿಕೆಯೊಳಗೆ ಹಿಡಿಸದು.

ಸತ್ತವರಿಗೆ ದೈವತ್ವ ಕೊಡುವುದು ನಮ್ಮ ವಿಶ್ವಾಸಕ್ಕೆ ಸಲ್ಲದು. ಆತ್ಮಹತ್ಯೆಯಲ್ಲಿ ವೀರತ್ವವನ್ನು ಕಂಡ ರೋಮನ್ನರನ್ನು ಸಂತ ಅಗಸ್ಟೀನರು ‘ದೇವನಗರ’ದ ಮೊದಲ ಪುಸ್ತಕದಲ್ಲೇ ಖಂಡಿಸಿದರು, ಅವರ ವಾದ ಇಂದಿಗೂ ನಿಲ್ಲುತ್ತದೆ. ಆದರೆ ಕಾಲಾಂತರದಲ್ಲಿ ಕೃತ್ಯದ ಖಂಡನೆಯು ಶವಕ್ಕೆ ವಿಧಿಸುವ ಶಿಕ್ಷೆಯಾಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ 1240ನೆಯ ವಿಧಿಯು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯ 1184ನೆಯ ವಿಧಿಯಲ್ಲಿ ಅವರ ಉಲ್ಲೇಖವೇ ಇಲ್ಲ. ತೀವ್ರ ಮನೋವ್ಯಥೆಯು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದು, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ.

ಕಾನೂನು ಬದಲಾದಷ್ಟು ಬೇಗ ಜನರ ನಾಲಿಗೆ ಬದಲಾಗುವುದಿಲ್ಲ. ಗಂಟೆ ಬಾರಿಸಬೇಕೇ, ಗುಂಡಿ ಎಲ್ಲಿ ತೋಡಬೇಕು ಎಂಬ ಪಿಸುಮಾತು ಸಾವಿನ ಮನೆಯ ಅಂಗಳದಲ್ಲಿ ಇನ್ನೂ ಕೇಳಿಬರಬಹುದು. ಅಲ್ಲಿ ಮೊದಲು ಬಾಯಿ ತೆರೆಯಬೇಕಾದವನು ಯಾಜಕ. ಅವನಿಗೆ ಪವಿತ್ರ ಗ್ರಂಥದ ಆಧಾರವೂ ಉಂಟು. ಗಿಲ್ಬೋವದಲ್ಲಿ ಸೌಲನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ. ಯಾಬೇಷ್ ಗಿಲ್ಯಾದಿನವರು ರಾತ್ರಿಯಿಡೀ ನಡೆದುಹೋಗಿ ಬೇತ್‌ಷಾನಿನ ಗೋಡೆಯಿಂದ ಅವನ ಶವವನ್ನು ಇಳಿಸಿ ತಂದರು; ದಹಿಸಿ, ಎಲುಬುಗಳನ್ನು ಮರದಡಿ ಹೂಳಿ, ಏಳು ದಿನ ಉಪವಾಸವಿದ್ದರು. ಆ ಕಾರ್ಯಕ್ಕಾಗಿ ಅವರನ್ನು ಹರಸಿ ದೂತರನ್ನು ಕಳುಹಿಸಿದವನು ದಾವೀದ. ಸೌಲನು ಕೊಲ್ಲಲೆಂದು ಬೆಟ್ಟಗುಡ್ಡಗಳಲ್ಲಿ ಬೆನ್ನಟ್ಟುತ್ತಿದ್ದದ್ದು ಅವನನ್ನೇ.